ಹೊಲಕ್ಕೆ ಸರಪಳಿ ಹಿಡಿಸಿದ ಮನ್ರೋ ಸಾಹೇಬ

ನಿಮ್ಮ ಪಹಣಿಯನ್ನೊಮ್ಮೆ ತೆಗೆದು ನೋಡಿ. ಎಕರೆಯ ಪಕ್ಕದಲ್ಲಿ ಗುಂಟೆಯ ಲೆಕ್ಕವಿದೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಆ 33 ಅಡಿಯ ಸರಪಳಿಯನ್ನು ನಮ್ಮ ಸೀಮೆಯ ಹೊಲಗಳ ಮೇಲೆ ಎಳೆಸಿದವನು ಥಾಮಸ್ ಮನ್ರೋ.

1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಈತ 1780ರಲ್ಲಿ ಕಂಪನಿಯ ಸಿಪಾಯಿಗಿರಿಗೆಂದು ಮದರಾಸಿಗೆ ಬಂದ. 1800ರಲ್ಲಿ ನಿಜಾಮನು ತನ್ನಲ್ಲಿದ್ದ ಕಂಪನಿ ಸೈನ್ಯದ ಖರ್ಚಿಗಾಗಿ ಬಳ್ಳಾರಿ, ಕಡಪ ಸೀಮೆಗಳನ್ನು ಬಿಟ್ಟುಕೊಟ್ಟಾಗ ಮನ್ರೋ ಅಲ್ಲಿಗೆ ಕಲೆಕ್ಟರನಾದ.

ಆಗಿನ ಸ್ಥಿತಿ ಕೇಳಬೇಡಿ. ವಿಜಯನಗರ ಬಿದ್ದ ಮೇಲೆ ಎರಡು ಶತಮಾನ ಬಿಜಾಪುರ, ಮರಾಠ, ಹೈದರ್, ಟಿಪ್ಪು, ನಿಜಾಮ ಎಂದು ದಂಡುಗಳು ಬಂದುಹೋದವು. ಒಳಗೆ ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳಂಥ ಪಾಳೆಯಪಟ್ಟುಗಳು. ಇಡೀ ಸೀಮೆಯಲ್ಲಿ ಪಾಳೆಯಗಾರರು 80 ಮಂದಿ. ಊರೂರಿಗೂ ಹುಡೇವು. ಬಿತ್ತಿದವನಿಗೆ ಬೆಳೆ ಕೈಗೆ ಬರುವ ನಂಬಿಕೆ ಇರಲಿಲ್ಲ.

ಮನ್ರೋ ಪಾಳೆಯಗಾರರನ್ನು ಅಡಗಿಸಿದ. ಕೆಲವರನ್ನು ಸೀಮೆಯಿಂದಲೇ ಹೊರಹಾಕಿದ; ಇದು ಅತಿಯಾಯಿತೆಂದು ಲಂಡನ್ನಿನ ಧಣಿಗಳೇ ಆಕ್ಷೇಪಿಸಿದರು. ಆಮೇಲೆ ಡೇರೆಯಲ್ಲೇ ವಾಸ, ಊರೂರು ತಿರುಗಾಟ. 1802ರಿಂದ ಹೊಲಹೊಲವನ್ನೂ ಅಳೆಸಿ, ಸಾಗುವಳಿದಾರನ ಹೆಸರಿಗೇ ಕಂದಾಯ ಕಟ್ಟಿದ. ನಡುವೆ ಪಾಳೆಯಗಾರನಿಲ್ಲ, ಜಮೀನ್ದಾರನಿಲ್ಲ. ಇದೇ ರೈತವಾರಿ ಪದ್ಧತಿ. ಜೀತದಾಳಿನ ಹೆಸರು ಮಾತ್ರ ಆ ಪುಸ್ತಕಕ್ಕೆ ಏರಲಿಲ್ಲವೆನ್ನಿ.

ಆದರೆ ಕಂದಾಯ ವಿಪರೀತ. ನೂರು ಸೇರು ಬೆಳೆದರೆ ಸುಮಾರು 45 ಸೇರು ಸರ್ಕಾರಕ್ಕೆ! ಇಷ್ಟು ಕೊಟ್ಟವನು ಬಾವಿ ತೋಡಿಸುವುದೆಲ್ಲಿ, ಎತ್ತು ಕೊಳ್ಳುವುದೆಲ್ಲಿ? ದರ ಕಟ್ಟಿದವನೇ ಈ ತಪ್ಪನ್ನು ಕಂಡುಕೊಂಡ. 1807ರಲ್ಲಿ ಊರಿಗೆ ಹೊರಡುವ ಮುಂಚೆ, ಎಲ್ಲ ಜಮೀನಿಗೂ ಕಂದಾಯದಲ್ಲಿ ನೂರಕ್ಕೆ 25 ಇಳಿಸಬೇಕು, ಕೆರೆ ಬಾವಿಗಳ ಜಮೀನಿಗೆ ಇನ್ನೂ 8 ಇಳಿಸಬೇಕು ಎಂದು ಮೇಲಿನವರಿಗೆ ಬರೆದ. ಅವರು ಒಪ್ಪಲಿಲ್ಲ. ಬದಲಿಗೆ ಊರನ್ನೇ ಇಡಿಯಾಗಿ ಗುತ್ತಿಗೆಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಎಷ್ಟೋ ಗುತ್ತಿಗೆದಾರರು ಕಂದಾಯ ತುಂಬಲಾರದೆ ದಿವಾಳಿಯೆದ್ದರು. ರೈತನಂತೂ ಮತ್ತೆ ಮಧ್ಯವರ್ತಿಯ ಕೈಗೆ ಬಿದ್ದ.

1820ರಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಬಂದ ಮೇಲೆಯೇ ರೈತವಾರಿ ಮರಳಿ ನೆಲೆಗೊಂಡಿತು, ದರವೂ ಇಳಿಯಿತು. ಕಾಗದ ಬರೆದು ಅಷ್ಟರಲ್ಲಿ 13 ವರ್ಷ ಕಳೆದಿತ್ತು.

1827ರಲ್ಲಿ ಅಧಿಕಾರ ಬಿಟ್ಟು ಸ್ವದೇಶಕ್ಕೆ ಹೊರಡುವ ಮುನ್ನ ಹಳೆಯ ಸೀಮೆಯನ್ನೊಮ್ಮೆ ನೋಡಿಬರಲು ಹೊರಟ. ದಾರಿಯಲ್ಲಿ ಕಾಲರಾ ಹರಡಿತ್ತು. ಜುಲೈ 6ರಂದು ಕರ್ನೂಲು ಕಡೆಯ ಪತ್ತಿಕೊಂಡದಲ್ಲಿ ಅದಕ್ಕೇ ಬಲಿಯಾದ. ಹೆಣವನ್ನು ಮೊದಲು ಗುತ್ತಿಯಲ್ಲಿ ಮಣ್ಣು ಮಾಡಿದರು. ಆ ಕಡೆಯ ಹಳ್ಳಿಗಳಲ್ಲಿ ಆಮೇಲೆ ಹುಟ್ಟಿದ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟದ್ದುಂಟು.