ಡಾ. ಇರ್ವಿಂಗ್ ಕೂಪರ್: ಅಪಸ್ಮಾರಕ್ಕೆ ವಿದ್ಯುದಂಕುಶ

ಅಪಸ್ಮಾರವೆಂಬ ಮೂರ್ಛೆರೋಗವು ಮಾನವಕುಲವನ್ನು ಪ್ರಾಚೀನ ಕಾಲದಿಂದಲೂ ಕಾಡುತ್ತ ಬಂದಿದೆ. ಚರಕಸಂಹಿತೆಯು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಚಿಕಿತ್ಸೆಯನ್ನು ವಿಧಿಸಿದೆ. ಆದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯೂ ಸೇರಿದಂತೆ ನಮ್ಮ ನಾಡಿನಲ್ಲಿ ರೋಗಿಯ ಕೈಗೆ ಕಬ್ಬಿಣವನ್ನಿಡುವುದೂ ಗ್ರಹಪೀಡೆಯೆಂದು ತಾಯಿತ ಕಟ್ಟಿಸುವುದೂ ಬಹುಕಾಲದ ರೂಢಿ. ವಾಸ್ತವವಾಗಿ ಈ ರೋಗದ ನೆಲೆ ಮೆದುಳು. ಅಲ್ಲಿಯ ನರಕೋಶಗಳ ವಿದ್ಯುದ್ವ್ಯಾಪಾರವು ಅಂಕೆಮೀರಿದಾಗ ಸೆಳವು ಉಂಟಾಗುತ್ತದೆ. ಆ ವಿದ್ಯುತ್ತನ್ನು ವಿದ್ಯುತ್ತಿನಿಂದಲೇ ಹತೋಟಿಗೆ ತರಲು ಹೆಣಗಿದವರಲ್ಲಿ ಅಮೆರಿಕದ ಶಸ್ತ್ರವೈದ್ಯ ಡಾ. ಇರ್ವಿಂಗ್ ಕೂಪರ್ ಅವರು ಪ್ರಮುಖರು.

ಕೂಪರ್ ಅವರು 1922ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಜನಿಸಿದರು. 1952ರಲ್ಲಿ ಕಂಪವಾತದ ರೋಗಿಯೊಬ್ಬನಿಗೆ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದಾಗ ಮೆದುಳಿನ ಒಂದು ಚಿಕ್ಕ ರಕ್ತನಾಳಕ್ಕೆ ಅಕಸ್ಮಾತ್ತಾಗಿ ಗಾಯವಾಯಿತು. ನಾಳವನ್ನು ಕಟ್ಟಿ, ಶಸ್ತ್ರಕ್ರಿಯೆಯನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಎಚ್ಚೆತ್ತ ರೋಗಿಯಲ್ಲಿ ನಡುಕವೇ ಇರಲಿಲ್ಲ! ಆ ಆಕಸ್ಮಿಕದ ಕಾರಣವನ್ನು ಬೆನ್ನಟ್ಟಿದ ಕೂಪರ್ ಅವರು ಕಂಪವಾತದ ಶಸ್ತ್ರಚಿಕಿತ್ಸೆಯಲ್ಲಿ ಲೋಕಪ್ರಸಿದ್ಧರಾದರು.

ಇತ್ತ ಪ್ರಯೋಗಶಾಲೆಗಳಲ್ಲಿ ಬೇರೊಂದು ಸತ್ಯವು ಗೋಚರಿಸಿತ್ತು. ಇಟಲಿಯ ಮೊರುಜ್ಜಿ ಅವರು 1940ರ ದಶಕದಲ್ಲಿಯೂ, ಅಮೆರಿಕದ ಕುಕ್ ಮತ್ತು ಸ್ನೈಡರ್ ಅವರು 1955ರಲ್ಲಿಯೂ ಪ್ರಾಣಿಗಳ ಕಿರುಮೆದುಳನ್ನು ವಿದ್ಯುತ್ತಿನಿಂದ ಪ್ರಚೋದಿಸಿ, ಹಿರಿಮೆದುಳಿನ ಸೆಳವನ್ನು ತಡೆಯಬಹುದೆಂದು ತೋರಿದ್ದರು. ಇದನ್ನೇ ಆಧಾರವಾಗಿಟ್ಟುಕೊಂಡು ಕೂಪರ್ ಅವರು 1970ರ ದಶಕದ ಆದಿಯಲ್ಲಿ, ಔಷಧಗಳಿಗೆ ಬಗ್ಗದ ರೋಗಿಗಳ ಕಿರುಮೆದುಳಿನ ಮೇಲೆ ವಿದ್ಯುದಗ್ರಗಳನ್ನು ಇರಿಸಿದರು. ದೇಹದ ಹೊರಗಿನ ಪ್ರೇಷಕದಿಂದ ಹೊರಟ ರೇಡಿಯೋ ಅಲೆಗಳು ಚರ್ಮದಡಿಯ ಗ್ರಾಹಕವನ್ನು ಸೇರಿ, ಅವಕ್ಕೆ ವಿದ್ಯುತ್ತನ್ನು ಒದಗಿಸುತ್ತಿದ್ದವು. 1976ರ ವರದಿಯಂತೆ 15 ರೋಗಿಗಳಲ್ಲಿ 10 ಮಂದಿಗೆ ಗುಣ ಕಂಡಿತ್ತು. ಹತಾಶರಾಗಿದ್ದ ಕುಟುಂಬಗಳಲ್ಲಿ ಆಸೆ ಚಿಗುರಿತು.

ಆದರೆ ಚಿನ್ನವಾದರೂ ಒರೆಗಲ್ಲಿಗೆ ಬರಲೇಬೇಕು. ಯಂತ್ರವು ನಡೆಯುತ್ತಿದೆಯೋ ನಿಂತಿದೆಯೋ ಎಂಬುದು ರೋಗಿಗೂ ಪರೀಕ್ಷಕನಿಗೂ ತಿಳಿಯದಂತೆ ಇತರ ವೈದ್ಯರು ಪರೀಕ್ಷಿಸಿದರು. 1978ರಲ್ಲಿ 5 ಮಂದಿಯನ್ನು, 1984ರಲ್ಲಿ 12 ಮಂದಿಯನ್ನು ಹೀಗೆ ಪರಿಶೀಲಿಸಿದಾಗ ಸೆಳವುಗಳು ಕಡಿಮೆಯಾದುದು ಕಂಡುಬರಲಿಲ್ಲ. ವಿಚಿತ್ರವೆಂದರೆ, 1984ರ ರೋಗಿಗಳಲ್ಲಿ ಬಹುಮಂದಿ ತಮಗೆ ಹಿತವಾಗಿದೆಯೆಂದೇ ನಂಬಿದ್ದರು. ಮನಸ್ಸಿನ ಸಮಾಧಾನವೇ ಬೇರೆ, ರೋಗದ ಶಮನವೇ ಬೇರೆ ಎಂಬುದು ಇದರಿಂದ ವಿಶದವಾಯಿತು. ಮರುವರ್ಷ, 1985ರಲ್ಲಿ, ಕೂಪರ್ ಅವರು ಕಾಲವಶರಾದರು.

ಆದರೂ ಅವರ ಶ್ರಮವು ವ್ಯರ್ಥವಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಮೆದುಳಿನ ಆಳದಲ್ಲಿರುವ ಥಲಾಮಸ್ಸಿನ ಮುಂಭಾಗವನ್ನೂ ಪ್ರಚೋದಿಸಿ ನೋಡಿದ್ದರು. ಆ ಮಾರ್ಗವನ್ನು 110 ರೋಗಿಗಳಲ್ಲಿ ಅಂತಹುದೇ ಕಠಿಣ ಪರೀಕ್ಷೆಗೆ ಒಡ್ಡಿದಾಗ ಸೆಳವುಗಳು ಇಳಿಮುಖವಾದುವೆಂದು 2010ರಲ್ಲಿ ಪ್ರಕಟವಾಯಿತು. 2018ರಲ್ಲಿ ಅಮೆರಿಕದ ಸರ್ಕಾರವು ಈ ಚಿಕಿತ್ಸೆಗೆ ಅನುಮತಿಯಿತ್ತಿತು. ಇದು ಔಷಧಕ್ಕೆ ಮಣಿಯದ ರೋಗಿಗಳಿಗೆ ಮಾತ್ರ ಮೀಸಲು. ತಕ್ಕ ಔಷಧವನ್ನು ತಪ್ಪದೆ ಸೇವಿಸಿದರೆ 100ಕ್ಕೆ 70ರಷ್ಟು ಮಂದಿ ಸೆಳವಿಲ್ಲದೆ ಬಾಳಬಲ್ಲರು.

ಆದುದರಿಂದ ಸಹಪಾಠಿಯೊಬ್ಬನು ಮೂರ್ಛೆಹೋದಾಗ ವಿದ್ಯಾರ್ಥಿಗಳು ಅಂಜಿ ದೂರ ಸರಿಯಬಾರದು. ಬಾಯಿಗೆ ಏನನ್ನೂ ತುರುಕದೆ, ಅವನನ್ನು ಮಗ್ಗುಲಾಗಿ ಮಲಗಿಸಿ, ವೈದ್ಯರ ಬಳಿಗೆ ಕರೆದೊಯ್ಯುವುದೇ ವಿವೇಕ. ಕರುಣೆಯು ಕಾರ್ಯಕ್ಕೆ ಪ್ರೇರಿಸಬೇಕು, ಪರೀಕ್ಷೆಯು ಅದನ್ನು ತಿದ್ದಬೇಕು ಎಂಬುದೇ ಕೂಪರ್ ಅವರ ಜೀವಿತವು ನಮಗೆ ಕಲಿಸುವ ಪಾಠ.