ಹೃದಯದ ದಾರಿ ಕಂಡ ಧೀರ

ವರ್ನರ್ ಫೋರ್ಸ್‌ಮನ್ 1904ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದನು. ವೈದ್ಯನಾಗಿ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯನ್ನು ಸೇರಿದನು. ಬಡಿಯುತ್ತಿರುವ ಹೃದಯವನ್ನು ಮುಟ್ಟಲು ವೈದ್ಯರು ಅಂಜುತ್ತಿದ್ದ ಕಾಲವದು. ರಕ್ತನಾಳದ ಮೂಲಕ ಅದನ್ನು ಅಪಾಯವಿಲ್ಲದೆ ತಲುಪಬಹುದೆಂದು ಅವನು ನಂಬಿದನು. ಮೇಲಧಿಕಾರಿ ಪ್ರಯೋಗಕ್ಕೆ ಒಪ್ಪಲಿಲ್ಲ.

1929ರಲ್ಲಿ ಫೋರ್ಸ್‌ಮನ್ ತನ್ನ ತೋಳಿನ ಅಭಿಧಮನಿಯೊಳಕ್ಕೇ ತೆಳುವಾದ ನಳಿಕೆಯೊಂದನ್ನು ತೂರಿಸಿಕೊಂಡು, ಕ್ಷ-ಕಿರಣದ ಕೋಣೆಗೆ ನಡೆದುಹೋದನು. 65 ಸೆಂಟಿಮೀಟರ್ ಒಳಹೊಕ್ಕ ನಳಿಕೆಯ ತುದಿ ಬಲ ಹೃತ್ಕರ್ಣವನ್ನು ತಲುಪಿದ್ದುದು ಚಿತ್ರದಲ್ಲಿ ಕಂಡಿತು.

ಈ ಸಾಹಸಕ್ಕೆ ಆಗ ಮನ್ನಣೆ ದೊರೆಯಲಿಲ್ಲ. ಆತನು ಮೂತ್ರಾಂಗಗಳ ಶಸ್ತ್ರವೈದ್ಯನಾಗಿ ಬಾಳಿದನು. ಅಮೆರಿಕದಲ್ಲಿ ಕೂರ್ನಾನ್ ಮತ್ತು ರಿಚರ್ಡ್ಸ್ ಈ ವಿಧಾನವನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಫೋರ್ಸ್‌ಮನ್ 1979ರಲ್ಲಿ ನಿಧನನಾದನು.

ಲಯ ತಪ್ಪಿದ ಹೃದಯಕ್ಕೆ ಇಂದು ಎದೆಯನ್ನು ಸೀಳದೆ, ನಳಿಕೆಯ ತುದಿಯ ಶಾಖದಿಂದ ಚಿಕಿತ್ಸೆ ನೀಡುವುದು ಆತನು ತೋರಿದ ದಾರಿಯಿಂದಲೇ.