ತಲೆಕೆಳಗಾಗಿ ತೂಗಿದ ದೇವಾಲಯ: ಅಂತೋನಿ ಗೌದಿಯವರ ಬಾಳು

ದೇವಾಲಯದ ಗೋಡೆಗಳನ್ನು ನಾವು ಕಾಣುತ್ತೇವೆ. ಅವುಗಳನ್ನು ನಿಲ್ಲಿಸಿದ ಚಿಂತನೆಯನ್ನು ಕಾಣುವುದಿಲ್ಲ. ಛಾವಣಿಯ ಭಾರವು ಯಾವ ಹಾದಿಯಲ್ಲಿ ಇಳಿದು ನೆಲವನ್ನು ಸೇರುವುದೆಂಬುದನ್ನು ಮೊದಲ ಕಲ್ಲನ್ನಿಡುವ ಮುನ್ನವೇ ಯಾರಾದರೊಬ್ಬರು ಅರಿತಿರಬೇಕು. ಆ ಅರಿವಿಗಾಗಿ ಬಾಳನ್ನು ಸವೆಸಿದ ಸ್ಪೇನ್ ದೇಶದ ವಾಸ್ತುಶಿಲ್ಪಿ ಅಂತೋನಿ ಗೌದಿಯವರನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ನಾವು ಸ್ಮರಿಸುವುದು ಉಚಿತವೇ ಸರಿ.

1852ರ ಜೂನ್ 25ರಂದು ಕ್ಯಾಟಲೋನಿಯಾದ ತಾಮ್ರಗಾರರ ಮನೆತನದಲ್ಲಿ ಗೌದಿಯವರು ಜನಿಸಿದರು. ಬಾಲ್ಯದಲ್ಲಿ ಕೀಲುನೋವು ಅವರನ್ನು ಬಾಧಿಸಿತು. 1878ರಲ್ಲಿ ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿಯ ಪದವಿ ಪಡೆದರು. ಅದೇ ನಗರದಲ್ಲಿ 1882ರ ಸಂತ ಜೋಸೆಫರ ಹಬ್ಬದಂದು ಪವಿತ್ರ ಕುಟುಂಬದ ದೇವಾಲಯಕ್ಕೆ ಶಿಲಾನ್ಯಾಸವಾಗಿತ್ತು. ಮೊದಲ ಶಿಲ್ಪಿ ಹೊಣೆಯನ್ನು ಬಿಟ್ಟಾಗ, 1883ರಲ್ಲಿ ಅದು ತರುಣ ಗೌದಿಯವರ ಹೆಗಲೇರಿತು.

1898ರಲ್ಲಿ ಅವರಿಗೆ ಇನ್ನೊಂದು ಕಾರ್ಯವೂ ಒದಗಿತು. ಉದ್ಯಮಿ ಗುಯೆಲ್ ಅವರು ಬಾರ್ಸಿಲೋನಾದ ಸಮೀಪದಲ್ಲಿದ್ದ ತಮ್ಮ ಜವಳಿ ಕಾರ್ಖಾನೆಯ ಕಾರ್ಮಿಕರಿಗಾಗಿ ದೇವಾಲಯವೊಂದನ್ನು ಕಟ್ಟಿಕೊಡಲು ಕೇಳಿದರು. ಗೌದಿಯವರು ಮೊದಲು ನಕ್ಷೆ ಬರೆಯಲಿಲ್ಲ, ಮಾದರಿಯೊಂದನ್ನು ತೂಗುಹಾಕಿದರು. ಇದರ ಮರ್ಮ ಸರಳವಾದುದು. ನಮ್ಮ ಜಪಸರದ ಎರಡು ತುದಿಗಳನ್ನು ಹಿಡಿದು ಇಳಿಬಿಟ್ಟರೆ ಅದು ತನ್ನ ಭಾರಕ್ಕೆ ತಕ್ಕ ಬಾಗನ್ನು ತಾನೇ ತಾಳುತ್ತದೆ. ಅದರಲ್ಲಿರುವುದು ಎಳೆತ ಮಾತ್ರ. ಆ ಬಾಗನ್ನೇ ತಲೆಕೆಳಗು ಮಾಡಿ ಕಮಾನು ಕಟ್ಟಿದರೆ ಎಳೆತವೆಲ್ಲ ಒತ್ತಡವಾಗುತ್ತದೆ. ಕಲ್ಲು ಎಳೆತಕ್ಕೆ ಬಿರಿಯುತ್ತದೆ, ಒತ್ತಡವನ್ನು ತಾಳಿಕೊಳ್ಳುತ್ತದೆ. 1675ರಲ್ಲಿಯೇ ಇಂಗ್ಲೆಂಡಿನ ರಾಬರ್ಟ್ ಹುಕ್ ಅವರು ತಿಳಿಸಿದ್ದ ಈ ತತ್ತ್ವವನ್ನು ಗೌದಿಯವರು ಇಡೀ ದೇವಾಲಯಕ್ಕೆ ಅನ್ವಯಿಸಿದರು.

ಅಳತೆಯಲ್ಲಿ ಹತ್ತನೆಯ ಒಂದು ಪಾಲು, ಭಾರದಲ್ಲಿ ಹತ್ತು ಸಾವಿರದ ಒಂದು ಪಾಲು. ಕಮಾನು ಕಂಬಗಳಿಗೆ ಬದಲಾಗಿ ದಾರಗಳು, ಕಟ್ಟಡದ ಭಾರಕ್ಕೆ ಬದಲಾಗಿ ಸೀಸದ ಗುಂಡುಗಳನ್ನು ತುಂಬಿದ ಪುಟ್ಟ ಚೀಲಗಳು. ಒಂದು ಚೀಲವನ್ನು ಬದಲಿಸಿದರೆ ಸುತ್ತಲಿನ ದಾರಗಳೆಲ್ಲ ಕದಲುತ್ತಿದ್ದವು. ಮತ್ತೆ ಅಳೆಯಬೇಕು, ಮತ್ತೆ ಸರಿಪಡಿಸಬೇಕು. ಕೊನೆಗೆ ಛಾಯಾಚಿತ್ರ ತೆಗೆದು, ಅದನ್ನು ತಲೆಕೆಳಗಾಗಿ ಹಿಡಿದು, ಅದರ ಮೇಲೆ ದೇವಾಲಯದ ರೂಪವನ್ನು ಬಿಡಿಸಿದರು. ಹೀಗೆ ಹತ್ತು ವರ್ಷಗಳು ಕಳೆದವು. 1908ರಲ್ಲಿ ಆರಂಭವಾದ ಕಟ್ಟಡ 1914ರಲ್ಲಿ ನಿಂತುಹೋಯಿತು. ಓರೆಯಾಗಿ ನಿಂತ ಕಂಬಗಳ ಕೆಳ ಅಂತಸ್ತು ಮಾತ್ರ ಪೂರ್ಣಗೊಂಡು, 1915ರಲ್ಲಿ ಪೂಜೆಗೆ ಪವಿತ್ರೀಕರಿಸಲ್ಪಟ್ಟಿತು.

ಹಾಗಾದರೆ ಆ ಹತ್ತು ವರ್ಷಗಳು ವ್ಯರ್ಥವಾದವೇ? ಅಲ್ಲವೆಂದು ನಾವು ಧೈರ್ಯವಾಗಿ ಹೇಳಬಹುದು. ಅಲ್ಲಿ ಕಲಿತುದನ್ನು ಅವರು ಪವಿತ್ರ ಕುಟುಂಬದ ದೇವಾಲಯಕ್ಕೆ ಧಾರೆಯೆರೆದರು. ಅಲ್ಲಿನ ಕಂಬಗಳು ಭಾರದ ಹಾದಿಯಲ್ಲಿಯೇ ವಾಲಿ, ಮರಗಳಂತೆ ಕವಲೊಡೆದು ಛಾವಣಿಯನ್ನು ಹೊತ್ತಿವೆ. ಹೊರಗಿನಿಂದ ಗೋಡೆಗೆ ಊರೆಕೊಡುವ ಕಮಾನುಗಳು ಬೇಕಾಗಲಿಲ್ಲ. ತಮ್ಮ ಆಯುಷ್ಯದಲ್ಲಿ ಅದು ಮುಗಿಯದೆಂದು ಬಲ್ಲ ಗೌದಿಯವರು ಮುಂದಿನವರಿಗಾಗಿ ದೊಡ್ಡ ಗಾರೆಯ ಮಾದರಿಗಳನ್ನು ಮಾಡಿಸಿಟ್ಟರು.

1926ರ ಜೂನ್ 7ರಂದು ಟ್ರಾಮ್ ಗಾಡಿ ಅವರಿಗೆ ಬಡಿಯಿತು. ಹಳೆಯ ಉಡುಪನ್ನು ಕಂಡವರು ಭಿಕ್ಷುಕನೆಂದು ಭಾವಿಸಿದರು. ಬಡವರ ಆಸ್ಪತ್ರೆಯಲ್ಲಿ ಜೂನ್ 10ರಂದು ಅವರು ದೈವಾಧೀನರಾದರು. ತಾವು ಕಟ್ಟುತ್ತಿದ್ದ ದೇವಾಲಯದ ನೆಲಮಾಳಿಗೆಯಲ್ಲಿಯೇ ಅವರ ಸಮಾಧಿಯಾಯಿತು. 1936ರ ಅಂತರ್ಯುದ್ಧದಲ್ಲಿ ಅವರ ಕಾರ್ಯಾಗಾರ ಸುಟ್ಟುಹೋಯಿತು, ಮಾದರಿಗಳು ಚೂರುಚೂರಾದವು. ಶಿಷ್ಯರೂ ಅವರ ನಂತರದವರೂ ಚೂರುಗಳನ್ನು ಆಯ್ದು ಜೋಡಿಸಿ ಕೆಲಸವನ್ನು ಮುಂದುವರಿಸಿದರು. ಆ ರೂಪಗಳು ಕ್ಷೇತ್ರಗಣಿತದ ನಿಯಮಕ್ಕೆ ಒಳಪಟ್ಟಿದ್ದುದರಿಂದ, ಉಳಿದ ತುಂಡಿನಿಂದ ಕಳೆದುಹೋದ ಭಾಗವನ್ನು ಲೆಕ್ಕಹಾಕಲು ಸಾಧ್ಯವಾಯಿತು.

2010ರ ನವೆಂಬರ್ 7ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಆ ದೇವಾಲಯವನ್ನು ಪವಿತ್ರೀಕರಿಸಿದರು. 2025ರ ಏಪ್ರಿಲ್ 14ರಂದು ಜಗದ್ಗುರು ಫ್ರಾನ್ಸಿಸರ ಅನುಮತಿಯೊಡನೆ ಗೌದಿಯವರು ಪೂಜನೀಯರೆಂದು ಘೋಷಿತರಾದರು.

ತಾವು ಕಾಣದ ಛಾವಣಿಗಾಗಿ ಬುನಾದಿಯನ್ನು ಅಳೆದವರು ಅವರು. ನಮ್ಮ ದೇವಾಲಯಕ್ಕೆ ಕಲ್ಲು ಹೊತ್ತ ಹಿರಿಯರೂ ಅಂಥವರೇ ಅಲ್ಲವೇ? ಅವರ ಹೆಗಲಿನಿಂದಿಳಿದ ಭಾರ ಈಗ ನಮ್ಮ ಹೆಗಲಿನ ಮೇಲಿದೆ.